ಹವಳಕ್ಕೆ ಹಾಕಿದ ಗಂಟು

ಮುಳುಗಕ್ಕನ ಅಡುಗೆಮನೆಗೆ ಮೂರೇ ಗೋಡೆ. ನಾಲ್ಕನೆಯದನ್ನು ಹೋದ ವರ್ಷ ಸಮುದ್ರ ತಿಂದಿತು. ಆ ಜಾಗಕ್ಕೆ ಹಳೆಯ ಹಾಯಿಬಟ್ಟೆ ಕಟ್ಟಿದ್ದಾಳೆ. ಗಾಳಿ ಎದ್ದರೆ ಒಲೆ ಆರುತ್ತದೆ, ಅಲೆ ಎದ್ದರೆ ಪಾತ್ರೆಗಳು ತೇಲುತ್ತವೆ. ಸಮುದ್ರವೇ ಬಂದು ಪಾತ್ರೆ ತೊಳೆದುಕೊಡುತ್ತದೆ, ತನ್ನಂಥ ಪುಣ್ಯವಂತೆ ಯಾರಿದ್ದಾರೆ ಎಂದು ಅವಳೇ ನಗುತ್ತಾಳೆ. ನಗದೆ ಇನ್ನೇನು ಮಾಡಿಯಾಳು.

ಮೊದಲು ಹೀಗಿರಲಿಲ್ಲ. ದಡದಿಂದ ಕೂಗಳತೆಯಲ್ಲಿ, ನೀರಿನಡಿ ಹವಳದ ದಿಬ್ಬವಿತ್ತು. ಎಂಥ ಅಲೆಯೂ ಅಲ್ಲಿ ಮುರಿದು, ಸುಸ್ತಾಗಿ ಊರಿಗೆ ಬರುತ್ತಿತ್ತು. ಅದರ ಸಂದಿಗೊಂದಿಗಳಲ್ಲಿ ಮರಿಮೀನು ಬೆಳೆಯುತ್ತಿದ್ದವು. ಆಚೆ ದಡದಲ್ಲಿ ದೊಡ್ಡ ಹೋಟೆಲು ಎದ್ದಿತು. ಅದರ ವಿಹಾರದ ದೋಣಿಗಳಿಗೆ ದಾರಿ ಆಳ ಮಾಡಬೇಕೆಂದು ಯಂತ್ರ ತಂದು ಹೂಳೆತ್ತಿದರು. ಕೆಸರೆಲ್ಲ ದಿಬ್ಬದ ಮೇಲೆ ಕೂತಿತು. ಅದರ ಮೇಲೆ ನೀರೇ ಕಾದುಹೋದ ಒಂದು ಬೇಸಿಗೆ. ಬಣ್ಣಬಣ್ಣದ ಹವಳ ಬೆಳ್ಳಗೆ ಬಿಳಿಚಿಕೊಂಡಿತು, ಆಮೇಲೆ ಪಾಚಿ ಹಿಡಿದು ಸತ್ತಿತು, ಪುಡಿಯಾಗಿ ಕುಸಿಯಿತು. ಅಲೆಗಳು ನೆಟ್ಟಗೆ ಅಡುಗೆಮನೆಗೆ ಬಂದವು. ಹೂಳೆತ್ತಿಸಿದವರ ಅಡುಗೆಮನೆ ಬಹಳ ಎತ್ತರದಲ್ಲಿತ್ತು ಬಿಡಿ.

ಆಗ ಬಂದವನು ಹವಳದ ಸಾಹೇಬ. ಸತ್ತ ದಿಬ್ಬವನ್ನು ಮತ್ತೆ ಬದುಕಿಸುವ ಯೋಜನೆಯ ಅಧಿಕಾರಿ. ದೂರದಲ್ಲಿ ಇನ್ನೂ ಬದುಕಿರುವ ಹವಳದಿಂದ ಚೂರು ಮುರಿದು ತಂದು, ಊರ ಪಕ್ಕದ ಅಲೆ ಕಡಿಮೆಯಿರುವ ನೀರಿನಲ್ಲಿ ಕಬ್ಬಿಣದ ಚೌಕಟ್ಟುಗಳಿಗೆ ಕಟ್ಟಿ ಬೆಳೆಸಬೇಕು. ಬಲಿತ ಮೇಲೆ ಊರ ಮುಂದಿನ ದಿಬ್ಬಕ್ಕೆ ನೆಡಬೇಕು ಎಂದ. ಅಲೆ ಅಲ್ಲೇ ಮುರಿಯುತ್ತದೆ, ಮೀನು ತಿರುಗಿ ಬರುತ್ತದೆ ಎಂದ. ಅಲ್ಲಿಯವರೆಗೆ ಆ ನೀರಿನಲ್ಲಿ ಯಾರೂ ಬಲೆ ಬೀಸಬಾರದು.

ಊರು ಅವನನ್ನು ನಂಬಲಿಲ್ಲ. ಮುಳುಗಕ್ಕ ನಂಬಿದಳು. ಚಿಪ್ಪು ಹೆಕ್ಕಲು ಚಿಕ್ಕಂದಿನಿಂದ ಮುಳುಗಿದವಳು, ಆ ದಿಬ್ಬವನ್ನು ಬದುಕಿದ್ದಾಗ ಕಂಡವಳು. ಮನೆ ಮನೆಗೆ ಹೋಗಿ ಕೈ ಹಿಡಿದು ಕೇಳಿಕೊಂಡಳು. ಅವಳ ಮುಖ ನೋಡಿ ಊರು ಬಲೆಗಳನ್ನು ಅಟ್ಟಕ್ಕೆ ಹಾಕಿತು. ಪಕ್ಕದ ಮನೆಗೆ ಸೊಸೆಯಾಗಿದ್ದ ಅವಳ ನಾದಿನಿಯ ಗಂಡ ಮೀನಿಗಾಗಿ ಕಣ್ಣಿಗೆ ಕಾಣದಷ್ಟು ದೂರ ಹುಟ್ಟು ಹಾಕತೊಡಗಿದ. ಎಷ್ಟೋ ದಿನ ಬರಿಗೈಯಲ್ಲಿ ಬಂದ. ಹೆಂಗಸರೆಲ್ಲ ಎದೆಮಟ್ಟದ ನೀರಿನಲ್ಲಿ ನಿಂತು ಹವಳ ಕಟ್ಟಿದರು.

ಆ ಊರಿನಲ್ಲಿ ಬಲೆ ಹೆಣೆದು ಮುಗಿಸುವ ಗಂಟು ಮನೆಗೊಂದು. ಬಲೆ ಕೊಚ್ಚಿಹೋಗಿ ಇನ್ನೆಲ್ಲೋ ಸಿಕ್ಕರೆ, ಗಂಟು ನೋಡಿ ಮನೆಗೆ ಮುಟ್ಟಿಸುತ್ತಾರೆ. ಒಬ್ಬರ ಮನೆಯ ಗಂಟನ್ನು ಇನ್ನೊಬ್ಬರು ತಮ್ಮ ಬಲೆಗೆ ಹಾಕುವುದಿಲ್ಲ. ಹವಳಕ್ಕೂ ಅವರವರ ಗಂಟೇ ಬಿತ್ತು. ಸಾಹೇಬನಿಗೆ ಅದೊಂದು ಸೋಜಿಗ. ಮೂರು ಗೋಡೆಯ ಅಡುಗೆಮನೆಯಲ್ಲಿ ಕೂತು, ಚಹಾ ಕುಡಿಯುತ್ತ, ಇದು ಯಾರ ಮನೆಯದು ಅಕ್ಕ, ಅದು ಯಾರದು ಎಂದು ಕೇಳುತ್ತಿದ್ದ. ಮುಳುಗಕ್ಕ ಹಗ್ಗದ ತುಂಡಿನಲ್ಲಿ ಎಲ್ಲವನ್ನೂ ಹಾಕಿ ತೋರಿಸಿದಳು. ತಮ್ಮನಿಗೆ ಕಲಿಸಿದ ಹಾಗೆ ಕಲಿಸಿದಳು.

ಹವಳ ಬೆಳೆಯಿತು. ಹೆಬ್ಬೆರಳಿನಷ್ಟಿದ್ದದ್ದು ಅಂಗೈಯಗಲ ಕವಲೊಡೆಯಿತು.

ಒಂದು ಬೆಳಿಗ್ಗೆ ದೊಡ್ಡ ದೋಣಿ ಬಂತು. ಆಳುಗಳು ಚೌಕಟ್ಟುಗಳನ್ನು ಬಿಚ್ಚಿ, ನೀರು ತುಂಬಿದ ತೊಟ್ಟಿಗಳಿಗೆ ಇಳಿಸತೊಡಗಿದರು. ನೆಡುವ ದಿನ ಬಂತೆಂದು ಮುಳುಗಕ್ಕ ಹಿಗ್ಗಿ, ಸುತ್ತಿಗೆ, ಮೊಳೆ, ಹಗ್ಗ ಹಿಡಿದು ಓಡಿದಳು. ಕೇರಿಯನ್ನೆಲ್ಲ ಕೂಗಿ ಕರೆದಳು. ಸೊಂಟದವರೆಗೆ ನೀರಿಗಿಳಿದ ಮೇಲೆ ಅನುಮಾನ ಬಂತು.

"ಸಾಹೇಬ್ರೆ, ದಿಬ್ಬ ಈ ಕಡೆ ಇದೆ. ದೋಣಿ ಯಾಕೆ ಆ ಕಡೆ ಮುಖ ಮಾಡಿದೆ?"

"ಇದು ಹೋಟೆಲ್ ಮುಂದೆ ನೆಡೋಕೆ ಅಕ್ಕ. ಗಾಜಿನ ತಳದ ದೋಣಿ ಬಿಡ್ತಾರಂತೆ, ಜನ ನೋಡೋಕೆ ಬರ್ತಾರೆ. ದುಡ್ಡು ಹಾಕಿದವರು ಅವರೇ ಅಲ್ವಾ."

"ನಮ್ಮ ದಿಬ್ಬಕ್ಕೆ ಅಂದಿದ್ರಿ."

"ಮುಂದಿನ ಹಂತದಲ್ಲಿ ನೋಡೋಣ."

"ನನ್ನ ಅಡುಗೆಮನೇಲಿ ಕೂತು ಹೇಳಿದ್ರಿ."

ಸಾಹೇಬ ಕೈಗಡಿಯಾರ ನೋಡಿಕೊಂಡ. ಅರ್ಧ ಹವಳ ಅವತ್ತೇ ಹೋಯಿತು. ಉಳಿದರ್ಧಕ್ಕೆ ದೋಣಿ ನಾಡಿದ್ದು ಬರುವುದಿತ್ತು.

ಮುಳುಗಕ್ಕ ಸುತ್ತಿಗೆ ಹಿಡಿದುಕೊಂಡೇ ದಡಕ್ಕೆ ಬಂದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ನಾದಿನಿ ಮಾತ್ರ, "ಅವನನ್ನ ನಂಬಿ ಅಲ್ಲ, ನಿನ್ನ ನಂಬಿ ನಾವು ಹಸಿದುಕೊಂಡಿದ್ವಿ ಅತ್ತಿಗೆ" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಮುಳುಗಕ್ಕ ಹಾಯಿಬಟ್ಟೆಯ ಹಿಂದೆ ಕೂತು ಅತ್ತಳು. ಸಮುದ್ರ ಗೋಡೆ ತಿಂದಾಗಲೂ ಅವಳು ಹೀಗೆ ಅತ್ತಿರಲಿಲ್ಲ.

ಮರುದಿನ, ಊರೆಲ್ಲ ನೋಡುತ್ತಿದ್ದಂತೆ, ಅವಳು ಒಬ್ಬಳೇ ನೀರಿಗಿಳಿದಳು. ಒಂದು ಚೌಕಟ್ಟಿನ ಹವಳ ಬಿಚ್ಚಿದಳು, ಬುಟ್ಟಿಯಲ್ಲಿ ನೀರಿನಡಿಯೇ ಎಳೆದುಕೊಂಡು ದಿಬ್ಬಕ್ಕೆ ಹೋದಳು, ಸತ್ತ ಬಂಡೆಗೆ ಮೊಳೆ ಹೊಡೆದು ಒಂದೊಂದನ್ನೇ ಕಟ್ಟಿದಳು. ಬೇರೆ ಯಾವುದೋ ಗಂಟು ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ತನ್ನ ಮನೆಯದನ್ನೇ ಹಾಕಿದಳು. ಒಂದು ಚೌಕಟ್ಟು ಮುಗಿಯುವಷ್ಟರಲ್ಲಿ ಮೈ ಸೋತಿತು. ಮಧ್ಯಾಹ್ನಕ್ಕೆ ಜ್ವರ ಬಂದು ಮಲಗಿದವಳಿಗೆ ಮಾರನೆಯ ಬೆಳಿಗ್ಗೆ ದೋಣಿಯ ಸದ್ದಿಗೇ ಎಚ್ಚರ.

ಸಾಹೇಬ ಪೊಲೀಸಿನವನನ್ನು ಜೊತೆಗೆ ತಂದಿದ್ದ. ಚೌಕಟ್ಟುಗಳೆಲ್ಲ ಖಾಲಿ. ಮುಳುಗಕ್ಕನಿಗೇ ದಿಗಿಲು. ತಾನು ಬಿಚ್ಚಿದ್ದು ಒಂದೇ ಅಲ್ಲವೇ?

ಇದು ಕಳ್ಳತನ, ಯಾರ ಕೈವಾಡವೆಂದು ಗಂಟು ನೋಡಿಯೇ ಹೇಳುತ್ತೇನೆ ಎಂದ ಸಾಹೇಬ, ಅವಳತ್ತ ತಿರುಗದೆ. ದೋಣಿಯನ್ನು ದಿಬ್ಬದ ಬಳಿ ನಿಲ್ಲಿಸಿದ. ಕಣ್ಣಿಗೆ ಗಾಜು ಕಟ್ಟಿಕೊಂಡು ಮುಳುಗಿದ. ಎದ್ದ. ಇನ್ನೊಂದು ಕಡೆ ಮುಳುಗಿದ. ಮತ್ತೆ ಎದ್ದ. ದಡಕ್ಕೆ ಬಂದು ಮೊಣಕಾಲುದ್ದ ನೀರಿನಲ್ಲಿ ನಿಂತುಕೊಂಡ.

"ಯಾರ ಮನೆ ಗಂಟು ಸಾರ್?" ಪೊಲೀಸಿನವನು ಕೇಳಿದ.

ಸಾಹೇಬ ಕಣ್ಣಿನ ಗಾಜು ಬಿಚ್ಚಿ ಒರೆಸತೊಡಗಿದ.

ನಾದಿನಿ ಗುಂಪಿನಿಂದ ಬಂದು ಅತ್ತಿಗೆಯ ಪಕ್ಕ ನಿಂತಳು. ರಾತ್ರಿಯೆಲ್ಲ ಹಗ್ಗ ಎಳೆದೆಳೆದು ನಾದಿನಿಯ ಅಂಗೈ ಸುಲಿದುಹೋಗಿತ್ತು. ಹಿಂದೆ ನಿಂತ ಹೆಂಗಸರ ಕೈಗಳೂ ಹಾಗೇ ಇದ್ದವು.

"ಹೇಳಿ ಸಾಹೇಬ್ರೆ" ಎಂದಳು. "ಗಂಟು ಗುರುತು ಹಿಡಿಯೋದು ಅತ್ತಿಗೆ ಕಲಿಸಿದಾಳಲ್ಲ. ಒಂದು ಮನೇನೂ ಬಿಡದೆ ಹೇಳಿ."