ಮೋಡದ ಮೇಲೆ ಎಳೆದ ಗೆರೆ

ಓಬಳಪ್ಪ ಮಲ್ಲೇಶ್ವರದ ಒಂದು ಕಚೇರಿಯಲ್ಲಿ ನಕ್ಷೆ ಎಳೆಯುತ್ತಿದ್ದ. ಉಪಗ್ರಹ ಮೇಲಿನಿಂದ ಅಳೆದ ಕಡಲ ನೀರಿನ ಬಿಸಿ ಅಲ್ಲಿಗೆ ಅಂಕಿಗಳಾಗಿ ಬರುತ್ತಿತ್ತು. ಒಂದೇ ಬಿಸಿ ಇರುವ ಜಾಗಗಳನ್ನು ಶಾಯಿಯ ಗೆರೆಯಲ್ಲಿ ಕೂಡಿಸುವುದು ಅವನ ಕೆಲಸ. ಮೋಡ ಕವಿದ ಕಡೆ ಉಪಗ್ರಹ ಅಳೆಯುವುದು ಮೋಡದ ತಂಪನ್ನು, ನೀರಿನದನ್ನಲ್ಲ. ಅಲ್ಲಿ ಖಾಲಿ ಬಿಡಬೇಕು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

೧೯೮೪ರ ಮಳೆಗಾಲ. ಅಧಿಕಾರಿ ಶ್ರೀನಿವಾಸಯ್ಯನವರು ಅವನ ನಕ್ಷೆಯನ್ನು ಬೆಳಕಿಗೆ ಎತ್ತಿ ಹಿಡಿದರು.

"ಏನ್ರೀ ಓಬಳಪ್ಪ, ಇದು ನಕ್ಷೇನಾ, ಇಲಿ ಕಡಿದ ಪಂಚೇನಾ?"

ಎಲ್ಲರೂ ನಕ್ಕರು. ಓಬಳಪ್ಪನಿಗೆ ಪಿತ್ತ ನೆತ್ತಿಗೇರಿತು.

"ತೂತು ಬೇಡ್ವಾ ಸಾರ್? ತಗೊಳ್ಳಿ!"

ಮಂಗಳೂರಿನಾಚೆ, ಆಳವಿಲ್ಲದ ಕಡಲಲ್ಲಿ ಬಿಟ್ಟಿದ್ದ ಖಾಲಿ ಜಾಗಕ್ಕೆ ಮೋಡದ ಅಂಕಿಗಳನ್ನೇ ಹಿಡಿದು ಗೆರೆ ಎಳೆದು ಬಿಸಾಕಿದ.

ನಕ್ಷೆಯಲ್ಲಿ ಇಪ್ಪತ್ತೆರಡು ಡಿಗ್ರಿಯ ತಣ್ಣೀರಿನ ಮಡು ಹುಟ್ಟಿತು. ಅಡಿಯ ತಣ್ಣೀರು ಮೇಲೆದ್ದ ಕಡೆ ಮೀನು ಸೇರುತ್ತದೆ. ನಿಜವೋ ಸುಳ್ಳೋ ನೋಡಿ ಬರಲು ಕಚೇರಿಯವರು ದೋಣಿ ಕಳಿಸಿದರು. ಬಕೆಟ್ಟಿನಲ್ಲಿ ನೀರೆತ್ತಿ, ಥರ್ಮಾಮೀಟರು ಅದ್ದಿ ಬರೆದುಕೊಳ್ಳುವವನು ಓಬಳಪ್ಪನ ತಮ್ಮ ಆಂಜಿನಯ್ಯ. ಅವನಿಗೆ ಆ ಕೆಲಸ ಕೊಡಿಸಿದವನೂ ಓಬಳಪ್ಪನೇ.

ಮಳೆಗಾಲದ ಅಲೆಗೆ ದೋಣಿ ಮಗುಚಿತು. ಆಂಜಿನಯ್ಯನ ಹೆಣವೂ ಸಿಗಲಿಲ್ಲ. ಬದುಕಿ ಬಂದವನೊಬ್ಬ ಅವನು ಅಂಕಿ ಬರೆದುಕೊಳ್ಳುತ್ತಿದ್ದ ಪುಸ್ತಕ ತಂದುಕೊಟ್ಟ. ಕೊನೆಯ ಸಾಲು ಪೆನ್ಸಿಲಿನಲ್ಲಿತ್ತು: 'ಇಪ್ಪತ್ತೆಂಟು. ಮೂರು ಸಲ ನೋಡಿದೆ. ತಣ್ಣೀರಿಲ್ಲ. ಇನ್ನೂ ಮುಂದೆ ಹೋಗಿ ನೋಡುತ್ತೇವೆ.'

ಭಾನುವಾರ ಬೆಳಿಗ್ಗೆ ಓಬಳಪ್ಪ ಪುಸ್ತಕ ಹಿಡಿದು ಓಕಳಿಪುರಕ್ಕೆ, ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ನರಸಮ್ಮ ಕಾಫಿ ತಂದಿಟ್ಟಳು. ಹಿಂದುಗಡೆ ರೈಲು ಹೋಗಿ ಗೋಡೆಯ ಹಲಗೆಯ ಮೇಲಿನ ಪಾತ್ರೆಗಳು ಸದ್ದು ಮಾಡಿದವು. ಅದು ನಿಲ್ಲುವ ತನಕ ಅವಳು ಕಾದಳು.

"ಭಾವ, ದೋಣಿಯವ್ರು ವಾಪಸ್ ಹೋಗೋಣ ಅಂದ್ರಂತೆ. ಇವ್ರೇ ಬೇಡ ಅಂದ್ರಂತೆ. ನಮ್ಮಣ್ಣ ಎಳೆದ ಗೆರೆ ತಪ್ಪಾಗಲ್ಲ, ತಣ್ಣೀರು ಇದ್ದೇ ಇರುತ್ತೆ ಅಂತ."

ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆಯಿತ್ತು. ಓಬಳಪ್ಪನಿಗೆ ತಡೆಯಲಾಗಲಿಲ್ಲ.

"ತಪ್ಪಾಗಿತ್ತು ಕಣಮ್ಮ. ಅಲ್ಲಿ ತಣ್ಣೀರೇ ಇರ್ಲಿಲ್ಲ, ಮೋಡ ಇತ್ತು. ಗೊತ್ತಿದ್ದೂ ಸಿಟ್ಟಲ್ಲಿ ಎಳೆದುಬಿಟ್ಟೆ."

ನರಸಮ್ಮನಿಗೆ ಓದು ಬರದು. ಪುಸ್ತಕ ತೆಗೆದುಕೊಂಡು, ಬರೆದಿದ್ದ ಕೊನೆಯ ಹಾಳೆ ಹುಡುಕಿ ಅವನ ಮುಂದೆ ಹಿಡಿದಳು.

"ಏನ್ ಬರ್ದಿದಾರೆ, ಓದಿ."

ಓದಿದ.

"ಇನ್ನೊಂದ್ಸಲ ಓದಿ, ಭಾವ."