ಏಳು ನಿಮಿಷ ಹಿಂದಿರುವ ಊರು

೧
ಎಲ್ಲಿಂದ ಶುರು ಮಾಡಲಿ? ನದಿಯಿಂದ ಶುರು ಮಾಡಿದ್ದೆ. ಎರಡು ಪುಟ ನೀರೇ ಹರಿಯಿತು, ಒಬ್ಬ ಮನುಷ್ಯನೂ ದಡಕ್ಕೆ ಬರಲಿಲ್ಲ. ಹರಿದು ಹಾಕಿದೆ. ಹೋಗಲಿ, ಗಡಿಯಾರದಿಂದಲೇ ಶುರುವಾಗಲಿ.

ಅಯೋವಾದ ಕೆಲ್ಸೋ ಲ್ಯಾಂಡಿಂಗ್ ಪುಟ್ಟ ಊರಾದರೂ ಇಡೀ ಕೌಂಟಿಯ ಕೋರ್ಟು, ಕಚೇರಿ ಇಲ್ಲೇ. ಕೋರ್ಟು ಗೋಪುರದ ಗಡಿಯಾರ ಏಳು ನಿಮಿಷ ಹಿಂದೆ. ಕೆಟ್ಟಿಲ್ಲ, ಬೇಕೆಂದೇ ಹಾಗಿಟ್ಟಿದ್ದು. ಮಂಜಿನಲ್ಲಿ ದೋಣಿ ತಡವಾದರೆ ಆಚೆ ದಡದವರ ಕೆಲಸ ಕೆಡಬಾರದಲ್ಲ! ಸೇತುವೆ ಬಂತು, ದೋಣಿ ಹೋಯಿತು, ಏಳು ನಿಮಿಷ ಮಾತ್ರ ಉಳಿಯಿತು. (ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ನನ್ನ ಕೈಗಡಿಯಾರವೂ ಹಾಗೇ. ನನ್ನ ಕಥೆಗಳು ಯಾಕೆ ತಡ ಎಂದು ಸಂಪಾದಕರು ಇನ್ನು ಕೇಳಬೇಕಿಲ್ಲ.)

೨
ಆರ್ಡಿಸ್ ನಲವತ್ತೊಂದು ವರ್ಷ ಆ ಕೋರ್ಟಿನಲ್ಲಿ ಮದುವೆ ಪರವಾನಗಿಯ ಕೌಂಟರಿನಲ್ಲಿದ್ದವಳು. ಈಗಲೂ ಪ್ರತಿ ಸೋಮವಾರ ಗಡಿಯಾರಕ್ಕೆ ಕೀಲಿ ಕೊಡುವವಳು ಅವಳೇ. ಈ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಅದಕ್ಕೆ ಮೋಟಾರು ಕೂರಿಸಿ ಸಮಯ ಸರಿ ಮಾಡಬೇಕೆಂದು ಕೌಂಟಿ ಮಂಡಳಿ ತೀರ್ಮಾನಿಸಿದೆ. ಮಂಡಳಿಯ ಅಧ್ಯಕ್ಷ ಲೈಲ್ ಅವಳ ಅಕ್ಕನ ಮಗ.

"ಸೇತುವೆ ಬಂದು ನಲವತ್ತು ವರ್ಷ ಆಯ್ತು ಆಂಟಿ. ಇನ್ನೂ ಯಾವ ದೋಣಿಗೆ ಕಾಯ್ತಿದ್ದೀಯ?"

"ನಿನ್ನ ಮದುವೆಗೆ ನೀನೇ ಆರು ನಿಮಿಷ ಲೇಟು. ಅವತ್ತು ನಿನ್ನ ಮಾನ ಉಳಿಸಿದ್ದು ಇದೇ ಗಡಿಯಾರ ಕಣೋ."

೩
(ಇಲ್ಲಿ ಅವಳ ಪ್ರೇಮಕಥೆಯಿತ್ತು. ಆರ್ಡಿಸ್‌ಗೇ ಓದಿ ಹೇಳಿದೆ. ಶುದ್ಧ ಸುಳ್ಳು ಎಂದಳು. ಆಮೇಲೆ ನಿಜ ಹೇಳಿದಳು.)

೪
ಅಕ್ಟೋಬರಿನ ಒಂದು ಮಂಜಿನ ದಿನ. ದೋಣಿ ನಡೆಸುವ, ಆರ್ಡಿಸ್ ಒಳಗೊಳಗೇ ಮೆಚ್ಚಿದ್ದ ವೆಂಡೆಲ್ ಪರವಾನಗಿಗೆ ಬರಬೇಕಿತ್ತು, ಬೇರೆ ಹುಡುಗಿಯ ಜೊತೆ. ಪರವೂರಿನ ಆ ಹುಡುಗಿ ಮೂರೂವರೆಯಿಂದ ಬೆಂಚಿನ ಮೇಲೆ ಕೂತು ತನ್ನ ಕೈಗಡಿಯಾರ ನೋಡುತ್ತಿದ್ದಳು. ಕೌಂಟರು ಮುಚ್ಚುವುದು ನಾಲ್ಕೂವರೆಗೆ. ಅವಳ ಗಡಿಯಾರದಲ್ಲಿ ನಾಲ್ಕೂವರೆಯಾಯಿತು. ಕಣ್ಣೊರೆಸಿಕೊಂಡು ಎದ್ದು ಹೋದಳು.

ಗೋಪುರದಲ್ಲಿ ಆಗ ನಾಲ್ಕು ಇಪ್ಪತ್ತಮೂರು. ನಾಲ್ಕು ಇಪ್ಪತ್ತೆಂಟಕ್ಕೆ ವೆಂಡೆಲ್ ಓಡಿ ಬಂದ, ಬೂಟಿನ ತುಂಬ ನೀರು.

"ಸ್ವಲ್ಪ ತಾಳಮ್ಮ, ನಮ್ಮ ಗಡಿಯಾರ ಹಿಂದಿದೆ" ಎಂದು ಆರ್ಡಿಸ್ ಆ ಹುಡುಗಿಗೆ ಹೇಳಬಹುದಿತ್ತು. ಹೇಳಲಿಲ್ಲ. ಯಾರಾದರೂ ಬಂದಿದ್ದರಾ ಎಂದು ಅವನು ಕೇಳಿದಾಗ ಇಲ್ಲ ಎಂದಳು. ಇಬ್ಬರಿಗೂ ಅಭಿಮಾನ ಜಾಸ್ತಿ, ಅವನೂ ಹುಡುಗಿಯೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಮುಂದಿನ ವಸಂತದಲ್ಲಿ ಅದೇ ಕೌಂಟರಿನಲ್ಲಿ ಆರ್ಡಿಸ್ ವೆಂಡೆಲ್ ಹೆಸರಿನ ಪಕ್ಕ ತನ್ನ ಹೆಸರನ್ನೇ ಬರೆದಳು. ನಲವತ್ತನಾಲ್ಕು ವರ್ಷ ಚೆನ್ನಾಗಿ ಬಾಳಿದರು. ಎರಡು ವರ್ಷದ ಹಿಂದೆ ವೆಂಡೆಲ್ ಇದೇನೂ ತಿಳಿಯದೆ ತೀರಿಕೊಂಡ.

೫
ಈ ಕಥೆಗೆ ನಾನು ಬರೆದ ಮುಕ್ತಾಯಗಳು ಮೂರಿದ್ದವು. ಮೊದಲನೆಯದರಲ್ಲಿ ಅವಳು ಕೀಲಿಯನ್ನು ನದಿಗೆ ಎಸೆಯುತ್ತಾಳೆ.

"ಕೌಂಟಿ ಸಾಮಾನು ಅದು. ಎಸೆಯೋಕೆ ನಾನೇನು ಸಿನಿಮಾದವಳಾ?"

ಎರಡನೆಯದರಲ್ಲಿ ಮುಳ್ಳು ಸರಿ ಮಾಡಿ ಅಳುತ್ತಾಳೆ. ಬೇಕಾದರೆ ನೀನೇ ಅಳು ಎಂದಳು.

ಮೂರನೆಯದರಲ್ಲಿ ಅವಳಿಂದಲೇ ಆ ಹುಡುಗಿಗೆ "ಸ್ವಲ್ಪ ತಾಳಮ್ಮ" ಎಂದು ಹೇಳಿಸಿಬಿಟ್ಟೆ. ಹುಡುಗಿ ಕೂತಳು, ವೆಂಡೆಲ್ ಬಂದ, ಇಬ್ಬರೂ ಸಹಿ ಹಾಕಿದರು. ಆರ್ಡಿಸ್ ಆ ಪುಟವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

"ನ್ಯಾಯ ಅಂದ್ರೆ ಇದೇ," ಎಂದಳು. ಆಮೇಲೆ ಮೆಲ್ಲಗೆ, "ಆದ್ರೆ ಹರಿದು ಹಾಕು."

೬
ಸೋಮವಾರ. ಗೋಪುರದ ಕಿಟಕಿಯಾಚೆ ದೋಣಿಯಿಲ್ಲದ ನದಿ. ಲೈಲ್‌ನ ಫೋನಿನಲ್ಲಿ ಹನ್ನೆರಡಾಯಿತು. ಆರ್ಡಿಸ್ ದೊಡ್ಡ ಮುಳ್ಳಿನ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದಳು.

"ಸ್ವಲ್ಪ ತಾಳಪ್ಪ," ಎಂದಳು.

ಪೆನ್ನು ಕೆಳಗಿಟ್ಟಿದ್ದೇನೆ. ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಏಳು ನಿಮಿಷ ಇದೆ.