ಸರ್ವಾನುಮತ

“ಇವರು ನಮ್ಮ ಬೋರ್ಡಿನ ಉಪ್ಪಿನಕಾಯಿ ಮಾರಾಯ್ರೆ,” ಎಂದರು ಅಧ್ಯಕ್ಷ ರಮಾನಾಥ, ಯಲ್ಲಾಲಿಂಗನ ಹೆಗಲ ಮೇಲೆ ಕೈಯಿಟ್ಟು. “ಎಲೆಯ ತುದಿಯಲ್ಲಿ ಇರ್ಲೇಬೇಕು. ಇಲ್ಲದಿದ್ರೆ ಅದನ್ನು ಊಟ ಅಂತ ಯಾರೂ ಒಪ್ಪುದಿಲ್ಲ. ಹಾಗಂತ ಹೊಟ್ಟೆ ತುಂಬುದು ಇದ್ರಿಂದ ಅಲ್ಲ.”

ಕನ್ನಡ ಬಲ್ಲ ಇಬ್ಬರು ನಕ್ಕರು. ರಮಾನಾಥ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು, ಮೇಜೆಲ್ಲ ನಕ್ಕಿತು. ಗೋಡೆಯ ಪರದೆಯಲ್ಲಿದ್ದ ಬೇರೆ ಬೇರೆ ದೇಶದವರ ನಗು ಒಂದು ಗಳಿಗೆ ತಡವಾಗಿ ಬಂತು. ಒಂದೇ ಮಾತಿಗೆ ಮೂರು ಸಲ.

ಸಿಟ್ಟು ಬರಬೇಕಿತ್ತು. ಮುಂಬೈಯ ವಿಕ್ರೋಳಿ ನಾಕಾದಲ್ಲಿ, ಆ ಕೂಡುರಸ್ತೆಯಲ್ಲಿ, ಕೂಲಿಗಾಗಿ ನಿಲ್ಲುವವರಲ್ಲಿ ಯಲ್ಲಾಲಿಂಗನ ಸಿಟ್ಟಿಗೆ ಹೆಸರಿತ್ತು. ಹೆಂಗಸರ ಮೇಲೆ ಕೈ ಎತ್ತಿದ ಠೇಕೇದಾರನ ಸ್ಕೂಟರನ್ನು ನಾಲೆಗೆ ನೂಕಿದವನು ಅವನು. ಕಟ್ಟಡ ಕೂಲಿಗಳ ಹೆಸರಿನಲ್ಲಿ ಹನ್ನೊಂದು ದೇಶಗಳಲ್ಲಿ ಕೆಲಸ ಮಾಡುವ ಈ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಒಬ್ಬ ಕೂಲಿ ಇರಬೇಕೆಂದು ನಿಯಮವಾದಾಗ, ನಾಕಾದವರು ಆ ಸಿಟ್ಟನ್ನು ನೋಡಿಯೇ ಅವನನ್ನು ಆರಿಸಿದ್ದರು. ಹೋದ ಸಲದ ಸಭೆ ಬರೀ ಪರಿಚಯ ಮತ್ತು ಫೋಟೋದಲ್ಲಿ ಮುಗಿದಿತ್ತು. ಕೆಲಸದ ಸಭೆ ಇದೇ ಮೊದಲು.

ಆದರೆ ಸಿಟ್ಟು ಬರಲಿಲ್ಲ. ಹಸಿ ಕಾಂಕ್ರೀಟಿನಲ್ಲಿ ಬಹಳ ಹೊತ್ತು ನಿಂತ ಕಾಲಿನ ಹಾಗೆ ಒಳಗೆಲ್ಲ ಮರಗಟ್ಟಿತು. ತನ್ನ ಕೈ ಮೇಜಿನ ಮೇಲೆ ಬಿದ್ದಿರುವುದನ್ನು ಅವನು ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದ.

ಬೆಳಿಗ್ಗೆ ಅವನ ಅಕ್ಕ ಮಹಾದೇವಿ ಹೇಳಿ ಕಳಿಸಿದ್ದಳು. “ದಿನಾ ನಮ್ಮ ಮ್ಯಾಲ ಒದರತೀಯಲ್ಲ, ಇವತ್ತ ಅಲ್ಲಿ ಒದರಿ ಬಾ. ಖೋಲಿ ಬಂದ್ ಮಾಡಾಕ ಬಿಡಬ್ಯಾಡ.”

ಖೋಲಿಯೆಂದರೆ ವಿಕ್ರೋಳಿಯಲ್ಲಿ ಸಂಸ್ಥೆ ನಡೆಸುವ ಒಂದು ತಗಡಿನ ಕೋಣೆ. ಕೆಲಸಕ್ಕೆ ಹೋಗುವ ಹೆಂಗಸರು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಅದು ಶುರುವಾಗುವ ಮೊದಲು ಮಹಾದೇವಿ ಮಗಳು ಸಪ್ನಾಳ ಸೊಂಟಕ್ಕೆ ಸೆರಗಿನ ತುದಿ ಕಟ್ಟಿ, ಇನ್ನೊಂದು ತುದಿಯನ್ನು ಕಟ್ಟಡದ ಬಿದಿರಿಗೆ ಬಿಗಿಯುತ್ತಿದ್ದಳು. ಮೇಲಿಂದ ಬಿದ್ದ ಇಟ್ಟಂಗಿ ಚೂರಿನ ಗುರುತು ಮಗುವಿನ ಹಣೆಯ ಮೇಲೆ ಇನ್ನೂ ಇದೆ.

ನಿರ್ದೇಶಕಿ ವಿನೋದಿನಿ ಎದ್ದು ವಿಷಯ ಮಂಡಿಸಿದಳು. ಇಂಗ್ಲಿಷಿನಲ್ಲಿ ಹೇಳುತ್ತಾ, ನಡುನಡುವೆ ಅವನ ಕಡೆ ತಿರುಗಿ ತನ್ನ ಮುಂಬೈ ಕನ್ನಡದಲ್ಲಿ ತಿಳಿಸಿದಳು. “ಖೋಲಿ ನಡೆಸಿದ್ರೆ ಮೂವತ್ತು ಮಕ್ಕಳು ಸೇಫ್. ಅದೇ ತಾಕತ್ತು ಕಾನೂನು ಬದಲಿಸೋಕೆ ಹಾಕಿದ್ರೆ ಲಾಖೋ ಮಕ್ಕಳು. ಅದಕ್ಕೇ ಖೋಲಿ ಬಂದ್ ಮಾಡೋಣ ಅಂತ. ಸಮಝ್ ಆಯ್ತಲ್ಲ, ಯಲ್ಲಾಲಿಂಗ?”

ಅರ್ಥವಾಯಿತು. ಮಾತು ಸುಳ್ಳೇನಲ್ಲ. ಆ ಲಕ್ಷಾಂತರ ಮಕ್ಕಳಲ್ಲಿ ಸಪ್ನಾ ಇರಲಿಲ್ಲ, ಅಷ್ಟೇ.

“ಯಾರದ್ದಾದ್ರೂ ಆಕ್ಷೇಪ ಉಂಟಾ?” ಎಂದರು ರಮಾನಾಥ.

ನಾಕಾದಲ್ಲಿ ಒಂದು ರೀತಿ ಇದೆ. ಠೇಕೇದಾರ ಕಡಿಮೆ ದರ ಕೂಗಿದರೆ ಯಾರೂ ಚೌಕಾಸಿ ಮಾಡುವುದಿಲ್ಲ. ಬಾಯಿ ಬಿಟ್ಟವನು ಸೋತ ಹಾಗೆ. ಮುಖ ತಿರುಗಿಸಿ ಸುಮ್ಮನೆ ಕೂರಬೇಕು. ಬೈಗುಳವನ್ನಾದರೂ ಠೇಕೇದಾರ ದಾಟಿ ಬರುತ್ತಾನೆ, ಆ ಮೌನವನ್ನು ದಾಟುವುದಿಲ್ಲ. ಒಂದು ಸುತ್ತು ಹೊಡೆದು, ಹೆಚ್ಚಿನ ದರ ಹಿಡಿದು ವಾಪಸು ಬರುತ್ತಾನೆ. ಬರಲೇಬೇಕು.

ಯಲ್ಲಾಲಿಂಗ ಮುಖವನ್ನು ಕಿಟಕಿಗೆ ತಿರುಗಿಸಿದ. ಕೆಳಗೆ ದಾದರ್ ಸೇತುವೆಯ ಮೇಲೆ ಹೂವಿನ ಗಂಟು ಹೊತ್ತವರು ಹೋಗುತ್ತಿದ್ದರು. ಅವನು ತುಟಿ ಬಿಗಿದು ಅದನ್ನೇ ನೋಡುತ್ತ ಕೂತ.

“ಒಳ್ಳೇದು,” ಎಂದರು ರಮಾನಾಥ. ಇಂಗ್ಲಿಷಿನಲ್ಲಿ ಏನೋ ಒಂದು ಪದ ಹೇಳಿದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಅವನು ಕಾದ. ಸುತ್ತು ಹೊಡೆಯಲಿ, ವಾಪಸು ಬರುತ್ತಾರೆ. ಚಹಾ ಬಂತು. ಪರದೆಯ ಮೇಲಿನ ಮುಖಗಳು ಕೈ ಬೀಸಿ ಒಂದೊಂದಾಗಿ ಆರಿದವು. ಪಕ್ಕದ ಕೋಣೆಯಲ್ಲಿ ಊಟ ಹಾಕಿದರು. ವಿನೋದಿನಿ ತಟ್ಟೆ ಹಿಡಿದು ಅವನ ಬಳಿ ಬಂದು ನಿಂತಳು.

“ಥ್ಯಾಂಕ್ಯೂ. ನಿಮ್ಮದೇ ನಾಕಾದ ಖೋಲಿ, ಆದ್ರೂ ನೀವು ಒಪ್ಪಿದ್ರಿ. ಬಹುತ್ ಬಡೀ ಬಾತ್.”

“ಯಾರ್ ಒಪ್ಪ್ಯಾರ?”

“ಸರ್ವಾನುಮತ ಆಯ್ತಲ್ಲ...”

“ನಾ ಎಲ್ಲಿ ಹೂಂ ಅಂದೆ?”

ರಮಾನಾಥ ಹಪ್ಪಳ ಮುರಿಯುತ್ತ ಇತ್ತ ತಿರುಗಿದರು. “ಬೇಡ ಅಂದದ್ದಾದ್ರೂ ಯಾವಾಗ ಮಾರಾಯ?”

“ಮಾರಿ ತಿರುವಿ ಸುಮ್ಮ ಕುಂತಿದ್ನೆಲ್ರಿ! ಕಾಣಲಿಲ್ಲೇನ್ ನಿಮಗ?”

“ಸುಮ್ಮನೆ ಕೂತ್ರೆ ಒಪ್ಪಿಗೆ ಅಂತಲೇ ಲೆಕ್ಕ. ಲೋಕದಲ್ಲೆಲ್ಲ ಹಾಗೇ.”

“ಯಾವ ಲೋಕದಾಗ?”

ಯಾರೋ ಕಿಸಕ್ಕೆಂದರು. ವಿನೋದಿನಿಯ ಮುಖ ಮಾತ್ರ ಇಳಿಯಿತು. “ಸರ್, ಇವರಿಗೆ ನಮ್ಮ ಪದ್ಧತಿ ಯಾರೂ ಹೇಳಿಲ್ಲ. ಗಲತಿ ನಮ್ಮದು. ಮತ್ತೆ ಓಪನ್ ಮಾಡೋಣ,” ಎಂದಳು.

“ನೀವು ಬೋರ್ಡಿನ ಸದಸ್ಯರಲ್ಲ, ನಿಮಗೆ ಓಟಿಲ್ಲ ವಿನೋದಿನಿ. ತೀರ್ಮಾನ ಆದದ್ದನ್ನು ತೆಗೆಯುದಾದ್ರೆ ಇವರಲ್ಲದೆ ಇನ್ನಿಬ್ಬರು ಸದಸ್ಯರು ಕೇಳ್ಬೇಕು. ನಿಯಮ ನಾನು ಮಾಡಿದ್ದಲ್ಲ.” ಅವರು ಸುತ್ತ ನೋಡಿದರು. “ಯಾರಾದ್ರೂ ಕೇಳ್ತೀರಾ?”

ಒಬ್ಬರು ಸಾರಿನಲ್ಲಿ ಕರಿಬೇವು ಹುಡುಕಿದರು. ಒಬ್ಬರು ಫೋನು ನೋಡಿದರು. ಉಳಿದವರು ತಟ್ಟೆ ನೋಡಿದರು.

“ನಾ ಈಗ ಒದರಿ ಹೇಳ್ತೀನ್ರಿ. ಬ್ಯಾಡ. ಖೋಲಿ ಬಂದ್ ಮಾಡಬ್ಯಾಡ್ರಿ,” ಎಂದ ಯಲ್ಲಾಲಿಂಗ. ಒದರುತ್ತೇನೆಂದುಕೊಂಡಿದ್ದ, ದನಿ ಮೇಲೇಳಲೇ ಇಲ್ಲ. ಲಿಫ್ಟಿನಲ್ಲಿ ಮಹಡಿ ಕೇಳುವವನ ಹಾಗೆ ಹೇಳಿದ.

“ಆಯ್ತು, ಮುಂದಿನ ಸಭೆಯಲ್ಲಿ ನೋಡುವ. ಊಟ ಮಾಡಿ ಹೋಗು,” ಎಂದರು ರಮಾನಾಥ. ಮುಂದಿನ ಸಭೆ ಮಳೆಗಾಲ ಮುಗಿದ ಮೇಲೆ. ಖೋಲಿಗೆ ಬೀಗ ಈ ತಿಂಗಳ ಕೊನೆಗೆ. ಅವನು ತಟ್ಟೆ ಮುಟ್ಟದೆ ಮೆಟ್ಟಿಲಿಳಿದ.

ಸ್ಲೋ ಲೋಕಲಿನಲ್ಲಿ ಬಾಗಿಲಿಗೆ ಆತು ನಿಂತ. ಯಾರೋ ಕಾಲು ತುಳಿದರು. ತುಳಿದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಸಿಟ್ಟು ಎಲ್ಲಿಗೆ ಹೋಯಿತೆಂದು ಹುಡುಕಿದ. ಸಿಗಲಿಲ್ಲ.

ಖೋಲಿಯ ಮುಂದೆ ಹೆಂಗಸರು ಮಕ್ಕಳನ್ನು ಕರೆದೊಯ್ಯಲು ಸೇರಿದ್ದರು. ಮಕ್ಕಳನ್ನು ನೋಡಿಕೊಳ್ಳುವ ಲಕ್ಷ್ಮವ್ವ ದೂರದಿಂದಲೇ ಕೂಗಿದಳು. “ಬಂದಾ ನೋಡ್ರೆವಾ ನಮ್ಮ ಸಾಹೇಬ! ಫಾರಿನ್ ಮಂದಿ ಜೋಡಿ ಉಂಡು ಬಂದಾನ, ಮಾರಿ ಮ್ಯಾಲ ನಗಿ ಇಲ್ಲ. ಉಪ್ಪು ಕಡಿಮಿ ಆಗಿತ್ತೇನೋ?”

ಮಹಾದೇವಿ ಸಪ್ನಾಳನ್ನು ಸೊಂಟಕ್ಕೇರಿಸಿಕೊಂಡು ಮುಂದೆ ಬಂದಳು. ಮೊಣಕೈವರೆಗೂ ಸಿಮೆಂಟು ಒಣಗಿತ್ತು.

“ಏನಾತೋ ಯಲ್ಲ್ಯಾ? ಒದರಿದೀ? ಖೋಲಿ ಉಳೀತೋ ಇಲ್ಲೋ?”

ಯಲ್ಲಾಲಿಂಗ ಮುಖ ಆಚೆ ತಿರುಗಿಸಿದ.

ಮಹಾದೇವಿ ಇನ್ನೊಮ್ಮೆ ಕೇಳಲಿಲ್ಲ. ಮಗುವನ್ನು ಕೆಳಗಿಳಿಸಿ, ತನ್ನ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಟ್ಟಿಯಿದೆಯೇ ಎಂದು ಜಗ್ಗಿ ನೋಡಿದಳು.

ಅವನು ನಾಲೆಯ ಪಕ್ಕದ ದಾರಿ ಹಿಡಿದು ನಡೆದ. “ಮಾಮಾ” ಎಂದು ಸಪ್ನಾ ಕೂಗಿದಳು. ಅವನು ಹೆಜ್ಜೆ ನಿಲ್ಲಿಸಲಿಲ್ಲ.